ವಾಕ್ಯಕ್ಕೊಬ್ಬ ಕರ್ತೃ

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಹಳೆಯ ಕಂಪನಿಯ ವಾಟ್ಸ್ಯಾಪ್ ಗುಂಪಿನಲ್ಲಿ. ಒಂದು ಫೋಟೋ, ಅದಕ್ಕೊಂದು ಹಾರ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: "ಬೀಯಿಂಗ್ ಎ ಗ್ರೇಟ್ ಟೀಚರ್, ವಿ ವಿಲ್ ಆಲ್ವೇಸ್ ಮಿಸ್ ಹಿಮ್." ಬರೆದವರ ಮನಸ್ಸು ಒಳ್ಳೆಯದೇ. ಆದರೆ ಇಂಗ್ಲಿಷ್ ವ್ಯಾಕರಣದ ಪ್ರಕಾರ ಆ ಸಾಲಿನ ಅರ್ಥ, ದೊಡ್ಡ ಗುರುಗಳು ಅವರಲ್ಲ, ನಾವು ಎಂದು. ನಾನು ಓದಿ ನಕ್ಕುಬಿಟ್ಟೆ. ಸಾವಿನ ಸುದ್ದಿಯಲ್ಲೂ ಆ ತಪ್ಪು ತಟ್ಟನೆ ಕಣ್ಣಿಗೆ ಬಿತ್ತಲ್ಲ, ಅಂಥ ಕಣ್ಣನ್ನು ನನಗೆ ಕೊಟ್ಟವರು ಅವರೇ. ಅಷ್ಟು ಉಪಕಾರವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಸತ್ತವರ ಬಗ್ಗೆ ಕೆಟ್ಟದ್ದನ್ನು ಆಡಬಾರದು ಎನ್ನುತ್ತಾರೆ. ಗುಂಪಿನಲ್ಲಿ ನಾನೂ ಕೈಮುಗಿದ ಚಿತ್ರವೊಂದನ್ನು ಹಾಕಿದೆ. ಆಮೇಲೆ ಎರಡು ದಿನ ಅವರ ಬಗ್ಗೆ ಒಳ್ಳೆಯದು ಏನಾದರೂ ನೆನಪಾದೀತೇ ಎಂದು ಪ್ರಾಮಾಣಿಕವಾಗಿ ಕೆದಕಿ ನೋಡಿದೆ. ನೆನಪಾದದ್ದನ್ನು ಬರೆಯುತ್ತಿದ್ದೇನೆ. ಓದಿದವರು ಇದನ್ನು ಶ್ರದ್ಧಾಂಜಲಿ ಎಂದುಕೊಳ್ಳದಿದ್ದರೆ ಸಾಕು.

ನಾನು ಆಗ ಪುಣೆಯ ಕೊಂಢವಾ ಬಡಾವಣೆಯ ಹಿಂಬದಿಯಲ್ಲಿದ್ದ ಒಂದು ರಟ್ಟಿನ ಡಬ್ಬಿ ಕಾರಖಾನೆಯ ಆಫೀಸಿನಲ್ಲಿದ್ದೆ. ಬೈಲಹೊಂಗಲದ ಕಡೆಯವನು, ಓದಿದ್ದು ಕನ್ನಡ ಶಾಲೆಯಲ್ಲಿ, ಮೇಲೊಂದು ಬಿ.ಕಾಂ. ಪುಣೆಗೆ ಬಂದ ಮೇಲೆ ಮರಾಠಿ ಬೇಗ ನಾಲಿಗೆಗೆ ಹತ್ತಿತು, ಇಂಗ್ಲಿಷ್ ಮಾತ್ರ ಹತ್ತಲಿಲ್ಲ. ಕಾರಖಾನೆಯಲ್ಲಿ ಏನು ನಡೆದರೂ ಅದರ ವರದಿ ಬರೆಯುವುದು ನನ್ನ ಕೆಲಸ. ಮಷೀನು ಕೆಟ್ಟರೆ ಒಂದು ವರದಿ, ಕಳಿಸಿದ ಮಾಲು ವಾಪಸು ಬಂದರೆ ಒಂದು, ಯಾರಿಗಾದರೂ ಪೆಟ್ಟಾದರೆ ಇನ್ನೊಂದು. ಪರದೇಶದ ಗಿರಾಕಿಗಳು ವರ್ಷಕ್ಕೊಮ್ಮೆ ಬಂದು ಕಾಗದಪತ್ರ ತಿರುವಿ ನೋಡುತ್ತಿದ್ದರು, ಹೀಗಾಗಿ ಎಲ್ಲವೂ ಇಂಗ್ಲಿಷಿನಲ್ಲೇ ಇರಬೇಕಿತ್ತು. ನಮ್ಮ ಇಂಗ್ಲಿಷನ್ನು ತಿದ್ದಲೆಂದೇ ಮಾಲೀಕರು ಇವರನ್ನು ತಂದು ಕೂರಿಸಿದ್ದರು. ಮೂಲ ಧಾರವಾಡದವರು, ಯಾವುದೋ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಧನಕವಡಿಯಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದರು. ಎಲ್ಲರಿಗೂ ಅವರು ಸರ್. ಅವರ ಸಹಿ ಬೀಳದೆ ಒಂದು ಹಾಳೆಯೂ ಆಫೀಸಿನಿಂದ ಆಚೆ ಹೋಗುತ್ತಿರಲಿಲ್ಲ.

ನಾವು ಬರೆದುಕೊಟ್ಟ ಹಾಳೆಯನ್ನು ಅವರು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತುತ್ತಿದ್ದರು. ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಅದನ್ನು ಹಿಂಬದಿಗೆ ಸಿಕ್ಕಿಸುತ್ತಿದ್ದರು. ಆಮೇಲೆ ಬರೆದವನ ಉಚ್ಚಾರಣೆಯನ್ನೇ ಅಣಕಿಸುತ್ತ, ಇಡೀ ಆಫೀಸಿಗೆ ಕೇಳುವಂತೆ ಗಟ್ಟಿಯಾಗಿ ಓದುವುದು. ತಿದ್ದುವುದಕ್ಕಿಂತ ಓದುವುದರಲ್ಲಿ ಅವರಿಗೆ ಖುಷಿ ಹೆಚ್ಚು. ಯಾರೂ ನಗದಿದ್ದರೆ ಇನ್ನೊಮ್ಮೆ ಓದುತ್ತಿದ್ದರು.

ನಮ್ಮ ತಪ್ಪುಗಳಿಗೆ ಅವರು ಇಟ್ಟ ಹೆಸರುಗಳಿದ್ದವು. ಕ್ರಿಯಾಪದವೋ ಇನ್ನೇನೋ ಇಲ್ಲದೆ ಅರ್ಧಕ್ಕೇ ನಿಂತ ವಾಕ್ಯ "ಮುಂಡ", ಅಂದರೆ ತಲೆಯಿಲ್ಲದ್ದು. ನಿಲ್ಲಬೇಕಾದಲ್ಲಿ ನಿಲ್ಲದೆ ವಾಕ್ಯಕ್ಕೆ ವಾಕ್ಯ ಕೊಂಡಿ ಹಾಕಿಕೊಂಡು ಹೋದರೆ ಅದು "ಗೂಡ್ಸ್ ಗಾಡಿ". ಮೊದಲ ಅರ್ಧದಲ್ಲಿ ಕೆಲಸ ಮಾಡಿದವನು ಎರಡನೆಯ ಅರ್ಧದಲ್ಲಿ ಕಾಣೆಯಾದರೆ, ಆ ವಾಕ್ಯ "ತ್ರಿಶಂಕು". ನಾನು ಈ ಮೂರನೆಯದರಲ್ಲಿ ಪ್ರವೀಣ. ಕೆಲವು ದಿನ ನನ್ನನ್ನು ಕರೆಯುವುದೇ ಹಾಗಿತ್ತು. "ಅಂಗಡಿಯವರ, ಇವತ್ತ ಎಷ್ಟ ಮಂದಿನ್ನ ತ್ರಿಶಂಕು ಮಾಡಿ ತಂದೀರಿ?" ಅಂಗಡಿ ನನ್ನ ಅಡ್ಡಹೆಸರು.

ಒಮ್ಮೆ ನಮ್ಮ ಟೆಂಪೋ ಡ್ರೈವರನ ತಾಯಿ ಊರಲ್ಲಿ ತೀರಿಕೊಂಡಳು. ಅವನು ದೌಂಡಿಗೆ ಹೋಗಿ ಸೋಲಾಪುರದ ಗಾಡಿ ಹಿಡಿಯಬೇಕಿತ್ತು. ತಾಯಿ ತೀರಿದಳು, ನಾನು ಊರಿಗೆ ಹೊರಟೆ ಎಂದು ಒಂದೇ ಸಾಲಿನ ರಜೆಯ ಅರ್ಜಿ ಬರೆದು, ನಡುವೆ ಕಾಮಾ ಹಾಕಿ ತಂದ. ಇವರು ಆ ಕಾಮಾಕ್ಕೆ ಕೆಂಪು ಸುತ್ತು ಹಾಕಿ ಅರ್ಜಿಯನ್ನು ವಾಪಸು ಕೊಟ್ಟರು. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಕಾಮಾ ಸಾಲದಂತೆ. ಅವನಿಗೆ ಅದೇನೆಂದೇ ತಿಳಿಯಲಿಲ್ಲ. ಅರ್ಜಿ ಒಪ್ಪಿಗೆಯಾಗಲಿಲ್ಲ ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ನಾನು ಹಾಳೆ ಕಿತ್ತುಕೊಂಡು ಫುಲ್‌ಸ್ಟಾಪ್ ಇಟ್ಟು ಕೊಟ್ಟೆ. ಆಗ ಸಹಿ ಬಿತ್ತು. "ನೋಡ್ರಿ, ಈಗ ಎಷ್ಟ ಸ್ವಚ್ಛ ಆತು," ಎಂದರು.

ಇಷ್ಟೆಲ್ಲ ನಿಷ್ಠುರದ ಮನುಷ್ಯ ಮಾಲೀಕರ ಪತ್ರ ಬಂದಾಗ ಏನು ಮಾಡುತ್ತಿದ್ದರು ಗೊತ್ತೇ? ನಮ್ಮ ಮಾಲೀಕರು ಮರಾಠಿಯಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಹೇಳಿ, ಹನ್ನೊಂದು ಸಾಲಿಗೆ ಒಂದು ಫುಲ್‌ಸ್ಟಾಪ್ ಇಡಿಸುತ್ತಿದ್ದರು. ಗೂಡ್ಸ್ ಗಾಡಿಯಾದರೂ ಎಲ್ಲಾದರೊಂದು ಕಡೆ ನಿಂತೀತು. ಆ ಪತ್ರವನ್ನು ಇವರು ಎರಡೂ ಕೈಯಲ್ಲಿ ಹಿಡಿದು ಓದಿ, "ಇದಕ್ಕ ಫ್ಲೋ ಅಂತಾರ್ರಿ, ಇದನ್ನ ಮುಟ್ಟಬಾರದು," ಎಂದು ಹಾಗೆಯೇ ಕಳಿಸಿಬಿಡುತ್ತಿದ್ದರು. ಬಡವರ ಮನೆಯ ಅನ್ನದಲ್ಲಿ ಕಲ್ಲು ಹುಡುಕುವವರಿಗೆ ಸಾಹುಕಾರರ ಮನೆಯಲ್ಲಿ ಕಲ್ಲೂ ಸಕ್ಕರೆ. ಅದನ್ನು ಕಂಡ ಮೇಲೆ ಅವರ ವಿದ್ಯೆಯ ಮೇಲಿನ ಗೌರವ ಹೋಗಲಿಲ್ಲ, ಅವರ ಮೇಲಿನದು ಹೋಯಿತು.

ಅವರ ಮಾತಿನ ಬಗ್ಗೆಯೂ ಹೇಳಬೇಕು. ಬೇರೆಯವರ ಬರಹದಲ್ಲಿ ಒಂದು ಮುಂಡವನ್ನೂ ಸಹಿಸದ ಮನುಷ್ಯ ತನ್ನ ಅಭಿಪ್ರಾಯ ಕೇಳಿದರೆ ಒಂದು ವಾಕ್ಯವನ್ನೂ ಮುಗಿಸುತ್ತಿರಲಿಲ್ಲ. "ಅಂದ್ರ ನಾ ಏನಂತೀನಿ... ಅದೇನದ ನೋಡ್ರಿ... ಹಂಗ." ಇದು ಅವರ ಒಂದು ಸಂಪೂರ್ಣ ಅಭಿಪ್ರಾಯ. ನಾವು ತಲೆಯಾಡಿಸಿ ಎದ್ದು ಬರುತ್ತಿದ್ದೆವು.

ನನ್ನ ತ್ರಿಶಂಕುಗಳಿಂದ ಬೇಸತ್ತು ಒಂದು ಭಾನುವಾರ ಧನಕವಡಿಯ ಮನೆಗೆ ಬರಹೇಳಿದರು. ಅವರ ಹೆಂಡತಿ ಅವಲಕ್ಕಿ ತಂದಿಟ್ಟರು. ಬಾಯಿಗಿಟ್ಟರೆ ಉಪ್ಪೇ ಇಲ್ಲ. ಸರ್ ಅದೇ ಅವಲಕ್ಕಿಯನ್ನು ತಿನ್ನುತ್ತ ನನ್ನ ಹಾಳೆಯನ್ನೇ ನೋಡುತ್ತಿದ್ದರು. ನನ್ನ ಮುಖ ಕಂಡು ಆಕೆ ಉಪ್ಪಿನ ಡಬ್ಬಿ ತಂದರು. "ಇವರಿಗೆ ಉಪ್ಪ ಕಡಿಮಿ ಆದ್ರ ತಿಳಿಯೂದಿಲ್ಲರಿ, ಕಾಮಾ ಕಡಿಮಿ ಆದ್ರ ತಿಳೀತದ," ಎಂದರು. ಮೂವತ್ತು ವರ್ಷದ ಸಂಸಾರವನ್ನು ಆಕೆ ನನಗೆ ಒಂದೇ ಉಸಿರಿನಲ್ಲಿ ಹೇಳಿ ಒಳಗೆ ಹೋದರು.

ಆ ದಿನ ಅವರು ಕಲಿಸಿದ್ದು ಮಾತ್ರ ನಿಜವಾದ ಪಾಠ. "ಬಂದು ನೋಡಿದರೆ ಬಾಗಿಲು ಹಾಕಿತ್ತು," ಎಂದು ಕನ್ನಡದಲ್ಲಿ ಬರೆಸಿದರು. ಬಂದವರು ಯಾರು, ನೋಡಿದವರು ಯಾರು ಎಂದು ಕೇಳಿದರು. ನಾನೇ ಅಲ್ಲವೇ, ಅದನ್ನೇನು ಹೇಳುವುದು ಎಂದೆ. "ಕನ್ನಡದಾಗ ಹೇಳೂದು ಬ್ಯಾಡ, ಕೇಳಾಂವಗ ಗೊತ್ತಿರ್ತದ. ಇದನ್ನ ಹಿಂಗಿಂದ ಹಿಂಗ ಇಂಗ್ಲಿಷ್ ಮಾಡಿದ್ರಿ ಅಂದ್ರ ಬಾಗಲಾನ ನಡಕೋತ ಬಂದು, ತನ್ನನ್ನ ತಾನ ನೋಡಿಕೊಂಡಂಗ ಆಗ್ತದ." ನಮ್ಮವರು ಕೆಲಸವನ್ನು ಹೇಳಿ ಮಾಡಿದವನನ್ನು ಬಿಡುತ್ತಾರೆ, ಇಂಗ್ಲಿಷು ಮಾಡಿದವನನ್ನು ಮೊದಲು ಕೇಳುತ್ತದೆ, ವಾಕ್ಯಕ್ಕೊಬ್ಬ ಕರ್ತೃ ಬೇಕೇ ಬೇಕು ಎಂದರು. ಎಷ್ಟು ಚೆನ್ನಾಗಿ ತಿಳಿಯಿತೆಂದರೆ ಬಸ್ಸಿನಲ್ಲಿ ವಾಪಸು ಬರುವಾಗ ಅಂಗಡಿಗಳ ಬೋರ್ಡುಗಳನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತ ಬಂದೆ. ಆ ಒಂದು ಮಧ್ಯಾಹ್ನಕ್ಕಾಗಿ ಅವರನ್ನು ಕ್ಷಮಿಸಿಬಿಡಬಹುದಿತ್ತು.

ಅದಾದ ಸ್ವಲ್ಪ ದಿನಕ್ಕೆ ಸಿದರಾಯನ ಕೈ ರೋಲರಿಗೆ ಸಿಕ್ಕಿತು.

ಸಿದರಾಯ ಅಥಣಿ ಕಡೆಯವನು, ರಟ್ಟಿಗೆ ಅಂಟು ಹಚ್ಚುವ ಮಷೀನಿನ ಆಪರೇಟರ್. ಆ ಮಷೀನಿನ ಎರಡು ರೋಲರುಗಳ ಮುಂದೆ ಕೈ ಒಳಗೆ ಹೋಗದಂತೆ ಒಂದು ಕಬ್ಬಿಣದ ಜಾಳಿಗೆ ಇರುತ್ತದೆ, ಅದಕ್ಕೆ ಗಾರ್ಡ್ ಎನ್ನುತ್ತಿದ್ದರು. ಅಂಟು ಗಟ್ಟಿಯಾದಾಗಲೆಲ್ಲ ಗಾರ್ಡ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಬೇಕು. ಅಷ್ಟು ಹೊತ್ತು ಕೆಲಸ ನಿಲ್ಲುತ್ತದೆ. ಮಾಲಿಗೆ ಅವಸರವಿದೆ ಎಂದು ಸೂಪರ್‌ವೈಜರನೇ ಹದಿನೈದು ದಿನ ಮೊದಲು ಅದನ್ನು ಬಿಚ್ಚಿಸಿ ಕಾಗದದ ಉರುಳೆಗಳ ಹಿಂದೆ ಇಡಿಸಿದ್ದ. ಅದು ಅಲ್ಲಿ ಧೂಳು ತಿನ್ನುತ್ತ ಬಿದ್ದಿದ್ದನ್ನು ನಾನು ದಿನಾ ನೋಡುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು. ತಿರುಗುತ್ತಿದ್ದ ರೋಲರನ್ನು ಸಿದರಾಯ ಬಟ್ಟೆಯಿಂದ ಒರೆಸುವಾಗ ಬಟ್ಟೆ ಸಿಕ್ಕಿ ಕೈಯನ್ನೂ ಎಳೆದುಕೊಂಡಿತು. ಬಲಗೈಯ ಎರಡು ಬೆರಳು ಹೋದವು.

ವರದಿ ಬರೆಯುವುದು ನನ್ನ ಪಾಲಿಗೆ ಬಂತು. ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಜೋಡಿಸಿಕೊಳ್ಳುವುದು ನನ್ನ ಪದ್ಧತಿ. "ಮಷೀನು ಸ್ವಚ್ಛ ಮಾಡುವಾಗ ಗಾರ್ಡ್ ತೆಗೆದಿತ್ತು." ಬಾಗಿಲು ತೆಗೆದಿತ್ತು ಎನ್ನುತ್ತೇವಲ್ಲ, ಹಾಗೆ. ಅದು ಆಗಲೇ ಇರಲಿಲ್ಲ ಎಂದು ಅರ್ಥ. ಯಾರು ತೆಗೆದರು ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಸೂಪರ್‌ವೈಜರ್ ಮಾಲೀಕರ ಸಂಬಂಧಿಕ. ಆದರೆ ಸಿದರಾಯ ತೆಗೆದ ಎಂದಂತೂ ಅದರಲ್ಲಿ ಇಲ್ಲ. ಇಷ್ಟನ್ನು ಇಂಗ್ಲಿಷಿಗೆ ಹಾಕಿದೆ: "ವೈಲ್ ಕ್ಲೀನಿಂಗ್ ದ ಮಷೀನ್, ದ ಗಾರ್ಡ್ ವಾಸ್ ರಿಮೂವ್ಡ್."

ಅವರು ಹಾಳೆ ಎತ್ತಿದರು, ಕನ್ನಡಕ ಒರೆಸಿಕೊಂಡರು, ಗಟ್ಟಿಯಾಗಿ ಓದಿದರು.

"ಅಂಗಡಿಯವರ, ಮನಿಗೆ ಕರದು ಕಲಿಸಿದ ಮ್ಯಾಲೂ ಇದೇನ್ರಿ? ಮಷೀನ್ ಯಾರು ಸ್ವಚ್ಛ ಮಾಡ್ಲಿಕ್ಕತ್ತಿದ್ರು? ಗಾರ್ಡೇನು ಬಟ್ಟಿ ಹಿಡಕೊಂಡು ಒರಸ್ಲಿಕ್ಕತ್ತಿತ್ತು?"

ಆಫೀಸು ನಕ್ಕಿತು. ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯ ಬೆರಳು ಕಳೆದುಕೊಂಡು ಮಲಗಿದ್ದಾನೆ, ಅವನ ಅಪಘಾತದ ವರದಿ ಓದಿ ಆಫೀಸು ನಕ್ಕಿತು. ಅವರು ತಿದ್ದಿದರು. ಎರಡು ಪದ ಹೊಡೆದು ಹಾಕಿ, ಮೂರು ಪದ ಬರೆದರು. "ವೈಲ್ ಕ್ಲೀನಿಂಗ್ ದ ಮಷೀನ್, ದ ಆಪರೇಟರ್ ರಿಮೂವ್ಡ್ ದ ಗಾರ್ಡ್." ಮಷೀನು ಸ್ವಚ್ಛ ಮಾಡುವಾಗ ಆಪರೇಟರನು ಗಾರ್ಡ್ ತೆಗೆದನು. ವ್ಯಾಕರಣದಲ್ಲಿ ಬೆರಳಿಟ್ಟು ತೋರಿಸಲು ಒಂದೂ ತಪ್ಪಿಲ್ಲ. ತ್ರಿಶಂಕುವಿಗೆ ನೆಲ ಸಿಕ್ಕಿತು, ವಾಕ್ಯಕ್ಕೆ ಕರ್ತೃ ಸಿಕ್ಕಿದ.

ನಾನು ಅವರ ಮೇಜಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಸರ್, ಇದು ಹಂಗಲ್ಲರಿ. ಸಿದರಾಯ ತಗದಿಲ್ಲ. ಮೊದಲ ತಗದಿಟ್ಟಿದ್ರು."

"ಯಾರು?"

ನಾನು ತಿರುಗಿ ನೋಡಿದೆ. ಸೂಪರ್‌ವೈಜರ್ ಹತ್ತು ಹೆಜ್ಜೆ ದೂರದಲ್ಲಿ ಚಹಾ ಕುಡಿಯುತ್ತಿದ್ದ.

"ಯಾರು ಅಂತ ನೀವು ಹೇಳೂದಿಲ್ಲ. ನನಗಂತೂ ಗೊತ್ತಿಲ್ಲ. ಮತ್ತ ವಾಕ್ಯ ಏನ್ ಮಾಡಬೇಕು? ಸ್ವಚ್ಛ ಮಾಡಾಂವ ಆಪರೇಟರ್. ಅಂದ ಮ್ಯಾಲ ಮುಂದಿನ ಕೆಲಸಾನೂ ಅವನೇ ಮಾಡಬೇಕು. ಅದು ನಾ ಹೇಳೂದಲ್ಲರಿ, ಗ್ರಾಮರ್ ಹೇಳ್ತದ."

"ಆದ್ರ ಖರೇ ಅಲ್ಲಲ್ರಿ ಸರ್."

"ಖರೇ ಸುಳ್ಳು ನೋಡೂದು ನನ್ನ ಕೆಲಸಲ್ಲ. ಅದಕ್ಕ ಬ್ಯಾರೆ ಡಿಪಾರ್ಟ್‌ಮೆಂಟ್ ಅದ," ಎಂದು ಪೆನ್ನಿನ ಮುಚ್ಚಳ ಹಾಕಿದರು.

ಅಷ್ಟು ವರ್ಷಗಳಲ್ಲಿ ಅವರು ನನ್ನೆದುರು ಪೂರ್ತಿ ಹೇಳಿ ಮುಗಿಸಿದ ಅಭಿಪ್ರಾಯ ಅದೊಂದೇ ಇರಬೇಕು. ಗಾರ್ಡ್ ಎಲ್ಲಿತ್ತು ಎಂದು ನೋಡಲು ಅವರು ಕುರ್ಚಿಯಿಂದೆದ್ದು ಮೂವತ್ತು ಹೆಜ್ಜೆ ನಡೆದರೆ ಸಾಕಿತ್ತು. "ಗಾರ್ಡ್ ಮೊದಲೇ ಇರಲಿಲ್ಲ" ಎಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯುವ ದಾರಿ ಒಂದಲ್ಲ, ನಾಲ್ಕಿವೆ. ಇವತ್ತು ನನಗೆ ಗೊತ್ತು, ಅವರಿಗೆ ಅವತ್ತೇ ಗೊತ್ತಿತ್ತು. ಮಾಲೀಕರ ಹನ್ನೊಂದು ಸಾಲನ್ನು ಮುಟ್ಟಬಾರದೆಂದು ಬಿಟ್ಟ ಕೈ, ಸಿದರಾಯನ ಒಂದು ಸಾಲನ್ನು ಬಿಡಲಿಲ್ಲ. ದುಷ್ಟರಾಗಿದ್ದರೆ ನಾನು ಇಷ್ಟು ತಿರಸ್ಕಾರದಿಂದ ಬರೆಯುತ್ತಿರಲಿಲ್ಲ, ದುಷ್ಟನಿಗೆ ತಾನು ಮಾಡುತ್ತಿರುವುದು ಗೊತ್ತಾದರೂ ಇರುತ್ತದೆ. ಇವರು ಮನೆಗೆ ಹೋಗಿ ಉಪ್ಪಿಲ್ಲದ ಊಟ ಮಾಡಿ ನೆಮ್ಮದಿಯಾಗಿ ಮಲಗಿರುತ್ತಾರೆ.

ಆ ವಾಕ್ಯ ಆಫೀಸಿನಿಂದ ಆಚೆ ಹೋಯಿತು. ಹೋದಲ್ಲೆಲ್ಲ ಅದನ್ನೇ ನಕಲು ಮಾಡಿಕೊಂಡರು. ಸುರಕ್ಷೆಯ ನಿಯಮ ಮುರಿದವನು ಆಪರೇಟರನೇ ಎಂದು ತೀರ್ಮಾನವಾಗಿ, ಕೈಗೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ ಸಿದರಾಯನಿಗೆ ಕೆಲಸದಿಂದ ತೆಗೆದ ಪತ್ರ ಬಂತು. ಗಾರ್ಡನ್ನು ಉರುಳೆಗಳ ಹಿಂದಿನಿಂದ ತಂದು, ತೊಳೆದು, ಬಣ್ಣ ಹಚ್ಚಿ ಕೂರಿಸಿದರು. ಸಿದರಾಯ ಗೇಟಿನ ಹೊರಗೆ ಎರಡು ದಿನ ನಿಂತು ಊರಿಗೆ ಹೋದ ಎಂದು ಕೇಳಿದೆ.

ನಾನು ಆ ಪತ್ರದ ನಕಲನ್ನು ಒಯ್ದು ಸರ್ ಮುಂದೆ ಇಟ್ಟೆ. ಏನನ್ನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ. ಅವರು ಓದಿದರು. "ಪಾಪ," ಎಂದರು. ಆಮೇಲೆ ಇನ್ನೊಮ್ಮೆ ಓದಿ, "ಇದನ್ನ ಯಾರು ಡ್ರಾಫ್ಟ್ ಮಾಡ್ಯಾರ? ಚೊಲೊ ಬರದಾರ್ರಿ, ಒಂದೂ ತಪ್ಪಿಲ್ಲ," ಎಂದು ಹಾಳೆಯನ್ನು ನನಗೇ ಹಿಂತಿರುಗಿಸಿದರು. ಮರುವರ್ಷ ನಾನು ಆ ಕೆಲಸ ಬಿಟ್ಟೆ. ಬಿಡುವ ಅರ್ಜಿಯನ್ನು ಅವರು ತಿದ್ದಲಿಲ್ಲ, ತಿದ್ದಲು ಏನೂ ಇರಲಿಲ್ಲ. ಈಗ ನಾನು ಇನ್ನೊಂದು ಕಂಪನಿಯಲ್ಲಿ ಬೇರೆಯವರ ಇಂಗ್ಲಿಷ್ ತಿದ್ದುತ್ತೇನೆ. ಹೊಟ್ಟೆಪಾಡು ಅದರ ಮೇಲೆಯೇ ನಡೆದಿದೆ.

ಇಲ್ಲಿಗೆ ನಿಲ್ಲಿಸಿದರೆ ತಪ್ಪೆಲ್ಲ ಸತ್ತವರ ತಲೆಗೆ ಹೋಗುತ್ತದೆ, ನನಗೂ ಅನುಕೂಲ. ಆದರೆ ಒಂದನ್ನು ಬಿಟ್ಟು ಹೇಳಿದ್ದೇನೆ. ಆ ವರದಿ ಆಚೆ ಹೋಗುವ ಮೊದಲು ಅದರ ಕೆಳಗೆ ಪೆಟ್ಟಾದವನ ಸಹಿಯೂ ಬೇಕಿತ್ತು.

ಎಚ್.ಆರ್. ಮೇಡಂ ನನ್ನನ್ನೇ ಆಸ್ಪತ್ರೆಗೆ ಕಳಿಸಿದರು. "ತುಮಚಾ ಕಾನಡೀ ಮಾಣೂಸ್ ಆಹೇ ನಾ," ಎಂದರು. ನಿಮ್ಮ ಕನ್ನಡದವನಲ್ಲವೇ, ನೀವೇ ಹೋಗಿ ಬನ್ನಿ ಎಂದು. ಸಿದರಾಯ ಮಂಚದ ಮೇಲೆ ಎದ್ದು ಕೂತಿದ್ದ. ಬಲಗೈ ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿತ್ತು. ಹೆಂಡತಿ ಕೆಳಗೆ ನೀರು ತರಲು ಹೋಗಿದ್ದಳು. ನಾನು ಹಾಳೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುವಿ ನೋಡಿ ನನಗೇ ಕೊಟ್ಟ.

"ಅಣ್ಣಾರ, ನನಗ ಇಂಗ್ಲಿಷ್ ಬರೂದಿಲ್ಲರಿ. ಏನ್ ಬರದೈತಿ, ಚೂರ ಓದಿ ಹೇಳ್ರಿ."

ದಿನಾಂಕ ಓದಿದೆ, ಮಷೀನಿನ ನಂಬರ್ ಓದಿದೆ. ಆ ಸಾಲು ಬಂತು. ಇದ್ದದ್ದನ್ನು ಇದ್ದಂತೆ ಹೇಳಿದರೆ ಅವನು ಸಹಿ ಮಾಡುವುದಿಲ್ಲ. ಮಾಡದಿದ್ದರೆ ನಾನು ವಾಪಸು ಹೋಗಿ, ಯಾಕೆ ಮಾಡಲಿಲ್ಲ ಎಂಬುದನ್ನು ಸೂಪರ್‌ವೈಜರನ ಮುಂದೆ ಹೇಳಬೇಕು. ಇವೆರಡೂ ನನಗೆ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಗೊತ್ತಿದ್ದವು. ನಾಲಿಗೆ ತಪ್ಪಿತು ಎಂದು ಹೇಳುವ ಹಾಗಿಲ್ಲ.

"ಮಷೀನ್ ಸ್ವಚ್ಛ ಮಾಡುವಾಗ ಗಾರ್ಡ್ ತೆಗೆದಿತ್ತು ಅಂತ ಬರದೈತಿ," ಎಂದೆ.

ಅವನ ಮುಖ ಸಡಿಲವಾಯಿತು. "ಹೌದ್ರಿ, ತೆಗದಿತ್ತು. ಖರೇನ ಬರದೀರಿ. ನಾ ಏನೇನೋ ಅಂಜಿದ್ನಿರಿ, ಉಲ್ಟಾ ಬರೀತಾರಂತ. ನಮ್ಮ ಭಾಷಾದಾವ್ರು ಒಬ್ರು ಒಳಗ ಇದ್ದದ್ದಕ್ಕ ಬರೋಬ್ಬರಿ ಆತು."

ಪೆನ್ನು ಕೇಳಿದ. ಎಡಗೈಯಲ್ಲಿ ಬರೆದು ಅವನಿಗೆ ರೂಢಿಯಿರಲಿಲ್ಲ, ಮೊದಲ ಅಕ್ಷರಕ್ಕೇ ಹಾಳೆ ಹಾಸಿಗೆಯ ಮೇಲೆ ಸರಿದಾಡಿತು. "ಚೂರ ಹಿಡೀರಿ ಅಣ್ಣಾರ," ಎಂದ. ಅವನು ಹೆಸರು ಬರೆದು ಮುಗಿಸುವವರೆಗೆ ಹಾಳೆ ಜಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡವನು ನಾನು.